ಉಸಿರಿನ ಕಾವಲು: ಹೈದರಾಬಾದಿನ ಕ್ಲೋರೋಫಾರ್ಮ್ ಆಯೋಗವೂ ಒಂದು ನಿಯಮದ ಚರಿತ್ರೆಯೂ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯತಕ್ಕವರು ರಾಜಧಾನಿಗಳಿಂದ ಹೊರಟು ರಾಜಧಾನಿಗಳಲ್ಲಿಯೇ ನಿಲ್ಲುವುದು ವಾಡಿಕೆ. ಹಳ್ಳಿಯ ರೋಗಿಯು ಆ ಚರಿತ್ರೆಯಲ್ಲಿ ಸಂಖ್ಯೆಯಾಗಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಪ್ರಸ್ತುತ ಲೇಖನದ ವಿಷಯವೂ ಒಂದು ರಾಜಧಾನಿಯಲ್ಲಿ, ಎಂದರೆ ಹೈದರಾಬಾದಿನಲ್ಲಿ, ನಡೆದುದೇ ಆಗಿದೆ. ಆದರೂ ಅದನ್ನು ಘಾಟಬೋರಾಳದ ಕಡೆಯಿಂದ ನೋಡುವುದು ಯುಕ್ತವೆಂದು ನಮಗೆ ತೋರಿದೆ. ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿಗೆ ಸೇರಿದ ಈ ಗ್ರಾಮವು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿಯೂ, ಅನಂತರ ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದು, ಆ ದಿನ ವಿಶಾಲ ಮೈಸೂರು ರಾಜ್ಯವನ್ನು ಕೂಡಿತು. ಕಠಿನವಾದ ಶಸ್ತ್ರಚಿಕಿತ್ಸೆ ಬೇಕಾದ ರೋಗಿಗೆ ಇಲ್ಲಿಂದ ದೊಡ್ಡ ದವಾಖಾನೆಯೆಂದರೆ ಹೈದರಾಬಾದು. ಹುಮನಾಬಾದಿನಿಂದ ಸುಮಾರು ನೂರು ಮೈಲಿಗಳ ಹಾದಿ. ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗವು ೧೮೭೪ರಲ್ಲಿಯೇ ಆದರೂ ಹುಮನಾಬಾದಿನ ಮೇಲೆ ರೈಲು ಹಾಯ್ದುದು ಬೀದರ-ಕಲಬುರಗಿ ಮಾರ್ಗವು ತೆರೆದ ೨೦೧೭ರ ಅಕ್ಟೋಬರಿನಲ್ಲಿ. ಹೀಗಿರಲಾಗಿ ಹತ್ತೊಂಬತ್ತನೆಯ ಶತಮಾನದ ರೋಗಿಯು ಎತ್ತಿನ ಬಂಡಿಯಲ್ಲಿ ಎಷ್ಟು ದಿನ ಪಯಣಿಸಿ ಅಫ್ಜಲ್‌ಗಂಜಿನ ದವಾಖಾನೆಯನ್ನು ಮುಟ್ಟಬೇಕಾಗಿದ್ದಿತೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಅಲ್ಲಿ ಮುಟ್ಟಿದ ಮೇಲೆ ಅವನ ಪ್ರಾಣವು ಇಬ್ಬರ ಕೈಯಲ್ಲಿರುತ್ತಿದ್ದಿತು. ಒಬ್ಬನು ಕತ್ತಿ ಹಿಡಿದವನು; ಅವನ ಹೆಸರು ದಫ್ತರದಲ್ಲಿ ದಾಖಲಾಗುತ್ತದೆ. ಇನ್ನೊಬ್ಬನು ರೋಗಿಯ ತಲೆಯ ಬಳಿ ನಿಂತು, ಮೂಗಿನ ಮೇಲೆ ಕ್ಲೋರೋಫಾರ್ಮಿನ ಟೊಪ್ಪಿಗೆಯನ್ನು ಹಿಡಿದು, ಉಸಿರನ್ನು ನೋಡುತ್ತಿರುವವನು. ಈ ಎರಡನೆಯವನು ಯಾರಾಗಿರಬೇಕು? ಅವನಿಗೆ ಎಷ್ಟು ಶಿಕ್ಷಣ ಬೇಕು? ಅವನು ಏನನ್ನು ನೋಡಬೇಕು, ಏನನ್ನು ಬಿಡಬೇಕು? ಇಂದು ಶ್ವಾಸಸಂಬಂಧವಾದ ಶುಶ್ರೂಷೆಯನ್ನು ಯಾರು ಮಾಡಬಹುದೆಂಬುದನ್ನು ಕಾಯಿದೆಗಳು ನಿರ್ಧರಿಸುತ್ತಿವೆ. ಆ ಕಾಯಿದೆಗಳ ಹಿಂದಿರುವ ವಿವಾದವು ನಮ್ಮ ಸೀಮೆಯ ರಾಜಧಾನಿಯಲ್ಲಿಯೇ ಒಮ್ಮೆ ಬಹು ತೀವ್ರವಾಗಿ ನಡೆದುದು ಕಾಲೇಜುಗಳಲ್ಲಿ ಚರಿತ್ರೆಯನ್ನು ಓದುವವರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ.

ವಿವಾದದ ಮೂಲವನ್ನು ಸಂಕ್ಷೇಪವಾಗಿ ಹೇಳಬೇಕು. ೧೮೪೭ರ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ನರು ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಮೂರು ತಿಂಗಳು ತುಂಬುವುದರೊಳಗೆ, ೧೮೪೮ರ ಜನವರಿ ೨೮ರಂದು, ಇಂಗ್ಲೆಂಡಿನ ನ್ಯೂಕಾಸಲಿನ ಬಳಿ ಹ್ಯಾನಾ ಗ್ರೀನರ್ ಎಂಬ ೧೫ ವರ್ಷದ ಹುಡುಗಿಯು ಕಾಲಿನ ಉಗುರನ್ನು ತೆಗೆಯುವಷ್ಟು ಸಣ್ಣ ಚಿಕಿತ್ಸೆಗಾಗಿ ಈ ಔಷಧವನ್ನು ಸೇವಿಸಿ ಕ್ಷಣಮಾತ್ರದಲ್ಲಿ ಸತ್ತಳು. ಅವಳು ಸತ್ತದ್ದು ಹೃದಯವು ನಿಂತುದರಿಂದಲೋ, ಉಸಿರು ಕಟ್ಟಿದ್ದರಿಂದಲೋ ಎಂಬ ಪ್ರಶ್ನೆಯು ಅಂದಿನಿಂದ ವೈದ್ಯರನ್ನು ಎರಡು ಪಂಗಡಗಳಾಗಿ ಒಡೆಯಿತು. ಲಂಡನ್ನಿನಲ್ಲಿ ಜಾನ್ ಸ್ನೋ ಅವರು ಔಷಧದ ಆವಿಯನ್ನು ಅಳೆದು ಕೊಡುವ ಯಂತ್ರವನ್ನು ರಚಿಸಿ, ಅರಿವಳಿಕೆ ಕೊಡುವುದನ್ನೇ ತಮ್ಮ ವೃತ್ತಿಯನ್ನಾಗಿ ಮಾಡಿಕೊಂಡರು. ಲಂಡನ್ನಿನ ಪಂಥದವರಿಗೆ ನಾಡಿಯೇ ಮುಖ್ಯ. ಹೃದಯವು ಯಾವ ಗಳಿಗೆಯಲ್ಲಿ ಕೈಕೊಡುವುದೋ ತಿಳಿಯದಾದ್ದರಿಂದ ತಜ್ಞನಾದ ವೈದ್ಯನೇ ಬೇಕು. ಎಡಿನ್‌ಬರೋದ ಜೇಮ್ಸ್ ಸೈಮರ ಪಂಥದವರು ಮಡಿಸಿದ ಬಟ್ಟೆಯ ಮೇಲೆ ಔಷಧವನ್ನು ಧಾರಾಳವಾಗಿ ಸುರಿದು, ಉಸಿರೊಂದನ್ನೇ ನೋಡುತ್ತಿದ್ದರು. ಸೈಮರ ಅಳಿಯ ಜೋಸೆಫ್ ಲಿಸ್ಟರರು ೧೮೬೧ರಲ್ಲಿ ಬರೆದ ಪ್ರಬಂಧದಲ್ಲಿ, ಇದಕ್ಕೆಂದು ಪ್ರತ್ಯೇಕ ತಜ್ಞನು ಬೇಕಾಗಿಲ್ಲವೆಂದೂ, ಸರಳವಾದ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸುವ ವಿದ್ಯಾರ್ಥಿಯೇ ಸಾಕೆಂದೂ, ನಾಡಿಯನ್ನೇ ನೆಚ್ಚುವುದು ದೊಡ್ಡ ತಪ್ಪೆಂದೂ ವಾದಿಸಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಶರೀರಶಾಸ್ತ್ರದ ಪ್ರಶ್ನೆಯಂತೆ ಕಾಣುವ ಇದು ಒಳಗೆ ಅಧಿಕಾರದ ಪ್ರಶ್ನೆಯಾಗಿದ್ದಿತು. ಅಪಾಯವು ಹೃದಯದಲ್ಲಿದೆಯೆಂದರೆ ಅದು ಕಣ್ಣಿಗೆ ಕಾಣದ ಅಪಾಯ. ಅದನ್ನು ಕಾಯಲು ದೊಡ್ಡ ಪದವಿಯ ವೈದ್ಯನೇ ಬೇಕು. ಅಪಾಯವು ಉಸಿರಿನಲ್ಲಿದೆಯೆಂದರೆ ಅದು ಎದೆಯ ಏರಿಳಿತದಲ್ಲಿ ಕಾಣಿಸುತ್ತದೆ, ಮೂಗಿನಲ್ಲಿ ಕೇಳಿಸುತ್ತದೆ. ಎಚ್ಚರವುಳ್ಳ ಯಾರಾದರೂ, ಕಲಿಸಿದರೆ, ಅದನ್ನು ಕಾಯಬಲ್ಲರು. ಲಂಡನ್ನಿಗೆ ಮೊದಲನೆಯ ಉತ್ತರವು ಅನುಕೂಲವಾಗಿದ್ದಿತು. ವೈದ್ಯರು ವಿರಳವಾಗಿದ್ದ ಹೈದರಾಬಾದಿಗೆ ಎರಡನೆಯದು ಅನುಕೂಲವಾಗಿದ್ದಿತು. ಅನುಕೂಲವಾದ ಉತ್ತರವು ಸುಳ್ಳೇ ಆಗಬೇಕೆಂದಿಲ್ಲ. ಆದರೆ ಅದನ್ನು ಎರಡು ಬಾರಿ ಪರೀಕ್ಷಿಸಬೇಕು.

ಹೈದರಾಬಾದಿನಲ್ಲಿ ವೈದ್ಯಶಾಲೆಯು ೧೮೪೬ರಲ್ಲಿಯೇ ಸ್ಥಾಪಿತವಾಗಿದ್ದಿತು. ಆರಂಭದಲ್ಲಿ ಅಲ್ಲಿ ಪಾಶ್ಚಾತ್ಯ ವೈದ್ಯವನ್ನು ಉರ್ದು ಭಾಷೆಯಲ್ಲಿ ಬೋಧಿಸುತ್ತಿದ್ದರೆಂಬುದು ದೇಶಭಾಷೆಗಳಲ್ಲಿ ವಿಜ್ಞಾನಬೋಧನೆಯನ್ನು ಕುರಿತು ಚಿಂತಿಸುವವರಿಗೆ ಸ್ಮರಣೀಯವಾದ ಸಂಗತಿ. ೧೮೮೫ರಲ್ಲಿ ಇದರ ಮುಖ್ಯಾಧಿಕಾರವು ರೆಸಿಡೆನ್ಸಿಯ ಸರ್ಜನರಾಗಿದ್ದ ಎಡ್ವರ್ಡ್ ಲಾರಿಯವರ ಕೈಗೆ ಬಂದಿತು. ಲಾರಿಯವರು ಸೈಮರ ಶಿಷ್ಯರು; ಗುರುವಿನ ಮತವನ್ನು ಅಕ್ಷರಶಃ ನಂಬಿದವರು; ನಂಬಿದುದನ್ನು ಗಟ್ಟಿಯಾಗಿ ಹೇಳತಕ್ಕವರು. ಅವರ ಶಸ್ತ್ರಶಾಲೆಯಲ್ಲಿ ಕ್ಲೋರೋಫಾರ್ಮನ್ನು ಕೊಡುತ್ತಿದ್ದವರು ಬಹುಮಟ್ಟಿಗೆ ಅವರ ವಿದ್ಯಾರ್ಥಿಗಳೇ. ಔಷಧದಿಂದ ತಮ್ಮಲ್ಲಿ ಸಾವುಗಳಾಗಿಲ್ಲವೆಂಬುದು ಅವರ ಹೆಮ್ಮೆ.

೧೮೮೮ರಲ್ಲಿ ನಿಜಾಮ್ ಸರಕಾರದ ವೆಚ್ಚದಲ್ಲಿ ಮೊದಲನೆಯ ಕ್ಲೋರೋಫಾರ್ಮ್ ಆಯೋಗವು ನೇಮಕವಾಯಿತು. ಪ್ಯಾಟ್ರಿಕ್ ಹೆಹಿರ್, ಕೆಲಿ, ಶಾಮರೆಟ್ ಎಂಬ ವೈದ್ಯರು ಅದರ ಸದಸ್ಯರು. ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಉಸಿರು ನಿಂತ ಬಳಿಕವೇ ಹೃದಯವು ನಿಲ್ಲುತ್ತದೆಂದು ಇವರು ವರದಿ ಮಾಡಿದರು. ೧೮೮೯ರ ಆರಂಭದಲ್ಲಿ ವೈದ್ಯಶಾಲೆಯ ಬಹುಮಾನ ವಿತರಣೆಯ ಸಮಾರಂಭದಲ್ಲಿ, ಡ್ಯೂಕ್ ಆಫ್ ಕನಾಟ್ ದಂಪತಿಗಳ ಸಮ್ಮುಖದಲ್ಲಿ, ಲಾರಿಯವರು ಈ ಫಲಿತಾಂಶವನ್ನು ಘೋಷಿಸಿದರು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯು ಇದನ್ನು ಒಪ್ಪಲಿಲ್ಲ. ಯುರೋಪಿನ ಪ್ರಯೋಗಶಾಲೆಗಳ ನಿರ್ಣಯಗಳಿಗೆ ಇದು ವಿರುದ್ಧವೆಂದು ಟೀಕಿಸಿತು. ಆಯೋಗದ ಸದಸ್ಯರು ಲಾರಿಯವರ ಕೈಕೆಳಗಿನವರೇ ಆಗಿದ್ದಾಗ ಇಂಥ ಸಂದೇಹವು ಹುಟ್ಟುವುದು ಅಸಹಜವೆಂದೂ ಹೇಳುವಂತಿಲ್ಲ.

ಲಾರಿಯವರ ಪ್ರತ್ಯುತ್ತರವು ಅಂದಿನ ವಸಾಹತುಕಾಲದ ಚರಿತ್ರೆಯಲ್ಲಿ ಅಪರೂಪವಾದುದು. ಟೀಕಿಸಿದವರನ್ನೇ ಸಾಕ್ಷಿಯಾಗಿ ಕರೆಯಿಸಿಕೊಳ್ಳುವುದೆಂದು ನಿಶ್ಚಯಿಸಿ, ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರಿಂದ ೧೦೦೦ ಪೌಂಡುಗಳನ್ನು ಲ್ಯಾನ್ಸೆಟ್ ಪತ್ರಿಕೆಗೆ ಕೊಡಿಸಿ, ಅದು ತನಗೆ ಬೇಕಾದ ತಜ್ಞನನ್ನು ಹೈದರಾಬಾದಿಗೆ ಕಳುಹಿಸಲೆಂದು ಆಹ್ವಾನಿಸಿದರು. ಆಗ ದಿವಾನರಾಗಿದ್ದವರು ಪೈಗಾ ಮನೆತನದ ಆಸ್ಮಾನ್ ಜಾಹರು. ಪೈಗಾ ಭೂಮಿಗಳು ಬೀದರ ಸೀಮೆಯಲ್ಲಿ ವಿಸ್ತಾರವಾಗಿದ್ದುವು. ಪಕ್ಕದ ಕಲ್ಯಾಣಿಯು ಬೇರೊಬ್ಬ ನವಾಬರ ಜಾಗೀರು. ಆ ಸಾವಿರ ಪೌಂಡುಗಳು ಬಂದ ಬೊಕ್ಕಸಕ್ಕೆ ಕಂದಾಯವು ಎಲ್ಲಿಂದ ಹರಿಯುತ್ತಿದ್ದಿತೆಂಬುದನ್ನು ವಿವರಿಸಬೇಕಾದ್ದಿಲ್ಲ. ಜೋಳ ತೊಗರಿಗಳನ್ನು ಬೆಳೆದ ರೈತರು ತಮಗರಿಯದೆಯೇ ಜಗತ್ತಿನ ಒಂದು ಶಾಸ್ತ್ರೀಯ ವಿವಾದದ ವೆಚ್ಚವನ್ನು ಭರಿಸಿದರು.

ಲ್ಯಾನ್ಸೆಟ್ ಪತ್ರಿಕೆಯು ಕಳುಹಿಸಿದವರು ಥಾಮಸ್ ಲಾಡರ್ ಬ್ರಂಟನ್, ಔಷಧಶಾಸ್ತ್ರದಲ್ಲಿ ಅಂದಿನ ಪ್ರಮುಖ ಪಂಡಿತರಲ್ಲಿ ಒಬ್ಬರು, ಮತ್ತು ಹೃದಯದ ಪಕ್ಷದವರು. ಎರಡನೆಯ ಆಯೋಗವು ಲಾರಿ, ಬ್ರಂಟನ್, ಬಾಮ್‌ಫರ್ಡ್ ಮತ್ತು ಹೈದರಾಬಾದಿನ ರುಸ್ತುಮ್‌ಜಿ ಇವರನ್ನೊಳಗೊಂಡು ೧೮೮೯ರ ಅಕ್ಟೋಬರ್ ೨೩ರಿಂದ ಡಿಸೆಂಬರ್ ೧೮ರವರೆಗೆ ಕೆಲಸಮಾಡಿತು. ನಾಯಿ, ಕೋತಿ, ಕುದುರೆ, ಮೇಕೆ, ಬೆಕ್ಕು, ಮೊಲ ಮೊದಲಾದ ಸುಮಾರು ೬೦೦ ಪ್ರಾಣಿಗಳು ಈ ಎಂಟು ವಾರಗಳಲ್ಲಿ ಪ್ರಯೋಗಕ್ಕೆ ಗುರಿಯಾದುವು. ಅನೇಕ ಪ್ರಾಣಿಗಳ ರಕ್ತದ ಒತ್ತಡವನ್ನು ತಿರುಗುವ ಉರುಳೆಯ ಮೇಲೆ ರೇಖೆಗಳಾಗಿ ಬರೆಯಿಸಿ, ಆ ರೇಖೆಗಳ ಛಾಯಾಚಿತ್ರಗಳನ್ನು ತೆಗೆಯಲಾಯಿತು. ಇಷ್ಟು ಜೀವಗಳ ನಾಶವು ಇಂದಿನ ಓದುಗನ ಮನಸ್ಸನ್ನು ಕಲಕುವುದು ಸಹಜವೇ. ಕೆಲಸವು ಮುಗಿಯುವ ಮೊದಲೇ ಬ್ರಂಟನ್ನರು ಲಂಡನ್ನಿಗೆ ತಂತಿ ಕೊಟ್ಟರು: ಅಪಾಯವಿರುವುದು ಉಸಿರುಕಟ್ಟುವುದರಿಂದ ಅಥವಾ ಔಷಧವು ಮಿತಿಮೀರುವುದರಿಂದ, ಹೃದಯಕ್ಕೆ ನೇರವಾಗಿ ಯಾವ ಅಪಾಯವೂ ಇಲ್ಲ ಎಂಬುದು ಅದರ ತಾತ್ಪರ್ಯ. ಎದುರಾಳಿಯು ವಾದಿಯ ಪಕ್ಷಕ್ಕೆ ಸೇರಿದನು. ೧೮೯೦ರಲ್ಲಿ ವರದಿಯು ಲ್ಯಾನ್ಸೆಟ್ಟಿನಲ್ಲಿಯೇ ಪ್ರಕಟವಾಯಿತು.

ವರದಿಯ ಶಾಸ್ತ್ರಭಾಗಕ್ಕಿಂತ ಅದರ ಕೊನೆಯಲ್ಲಿರುವ ವ್ಯಾವಹಾರಿಕ ನಿಯಮಗಳು ನಮ್ಮ ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾಗಿವೆ. ರೋಗಿಯನ್ನು ಅಂಗಾತ ಮಲಗಿಸಬೇಕು. ಕೊರಳು, ಎದೆ, ಹೊಟ್ಟೆಗಳ ಮೇಲಿನ ಬಟ್ಟೆಯನ್ನು ಸಡಿಲಿಸಿ, ಉಸಿರಾಟವು ಕಣ್ಣಿಗೆ ಕಾಣುವಂತೆ ಮಾಡಬೇಕು. ಉಸಿರು ಹಿಡಿದು ಹೆಣಗುವ ರೋಗಿಯು ಮುಂದೆ ದೀರ್ಘವಾಗಿ ಉಸಿರೆಳೆದಾಗ ಮಿತಿಮೀರಿದ ಔಷಧವು ಒಳಹೋಗುವುದಾದ್ದರಿಂದ ಆ ಕ್ಷಣದಲ್ಲಿ ಟೊಪ್ಪಿಗೆಯನ್ನು ತೆಗೆಯಬೇಕು. ಉಸಿರಿಗೆ ತಡೆಯುಂಟಾದರೆ ದವಡೆಯನ್ನು ಮೇಲೆತ್ತಬೇಕು. ಉಸಿರು ನಿಂತರೆ ಒಡನೆಯೇ ಕೃತಕ ಶ್ವಾಸೋಚ್ಛ್ವಾಸವನ್ನು ನಡೆಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಔಷಧ ಕೊಡುವವನಿಗೆ ಉಸಿರನ್ನು ನೋಡುವುದೊಂದೇ ಕೆಲಸ. ಶಸ್ತ್ರಕ್ರಿಯೆಯ ಕೌತುಕವನ್ನು ಅವನು ನೋಡಕೂಡದು, ಬೇರೆ ಯಾವ ಸಹಾಯಕ್ಕೂ ಕೈನೀಡಕೂಡದು. ಒಬ್ಬ ಮನುಷ್ಯನನ್ನು ಒಂದೇ ಕೆಲಸಕ್ಕೆ ಕಟ್ಟಿಹಾಕುವ ಈ ವಿಧಿಯು ರೋಗಿಯ ಸುರಕ್ಷತೆಯ ಚರಿತ್ರೆಯಲ್ಲಿ, ನಮ್ಮ ಅಭಿಪ್ರಾಯದಲ್ಲಿ, ಆಯೋಗದ ಇಡೀ ಸಿದ್ಧಾಂತಕ್ಕಿಂತ ಬೆಲೆಯುಳ್ಳದ್ದು.

ಈ ವಿಧಿಯಿಂದ ಹೈದರಾಬಾದಿನಲ್ಲಿ ಒಂದು ಬಾಗಿಲು ತೆರೆಯಿತು. ೧೮೮೫ರಲ್ಲಿ ವೈದ್ಯಶಾಲೆಗೆ ಸೇರಿದ ಕೆಲವೇ ಸ್ತ್ರೀಯರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸಿ ಮಹಿಳೆಯೊಬ್ಬರು. ೧೮೮೯ರಲ್ಲಿ 'ಹಕೀಮಾ' ಪದವಿಯನ್ನು ಪಡೆದು, ಆಯೋಗದ ಕಾಲದಲ್ಲಿಯೇ ಕ್ಲೋರೋಫಾರ್ಮ್ ಕೊಡುವ ಕೆಲಸದಲ್ಲಿ ನಿಪುಣರಾದ ಇವರನ್ನು ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯೆಂದು ಅನೇಕ ಚರಿತ್ರಕಾರರು ಗಣಿಸುತ್ತಾರೆ. ೧೯೦೯ರಲ್ಲಿ, ಆನಿ ಬೆಸೆಂಟರ ಪ್ರೋತ್ಸಾಹದಿಂದ, ಎಡಿನ್‌ಬರೋಗೆ ಹೋಗಿ ಭೌತ ಮತ್ತು ರಸಾಯನಶಾಸ್ತ್ರಗಳನ್ನು ವ್ಯಾಸಂಗಮಾಡಿದರು. ಮರಳಿಬಂದು ೧೯೧೭ರವರೆಗೂ ಅರಿವಳಿಕೆಯ ಕೆಲಸವನ್ನು ನಡೆಸಿ, ಚಾದರ್‌ಘಾಟ್ ಆಸ್ಪತ್ರೆಯ ಮೇಲ್ವಿಚಾರಕರಾಗಿ ೧೯೨೦ರಲ್ಲಿ ನಿವೃತ್ತರಾದರು. ಅನಿಲಗಳ ಗುಣವನ್ನು ತಿಳಿಯಲು ಭೌತಶಾಸ್ತ್ರವು ಬೇಕೆಂದು ನಡುವಯಸ್ಸಿನಲ್ಲಿ ಕಡಲು ದಾಟಿದ ಈ ಮಹಿಳೆಯು, ಕ್ಲೋರೋಫಾರ್ಮಿಗೆ ಸರಳ ನಿಯಮಗಳೇ ಸಾಕೆಂದ ತಮ್ಮ ಗುರುವಿಗಿಂತ ಒಂದು ಹೆಜ್ಜೆ ಮುಂದೆ ಹೋದರೆಂದು ನಮಗೆ ತೋರುತ್ತದೆ. ಪರದೆಯ ಪದ್ಧತಿಯು ಬಿಗಿಯಾಗಿದ್ದ ನಾಡಿನಲ್ಲಿ, ಪ್ರಜ್ಞೆತಪ್ಪಿದ ಸ್ತ್ರೀರೋಗಿಯ ತಲೆಯ ಬಳಿ ಸ್ತ್ರೀಯೊಬ್ಬಳು ನಿಲ್ಲುವುದರ ಅರ್ಥವು ಎಂಥದೆಂಬುದನ್ನು ಅಂಕಿಅಂಶಗಳು ಹೇಳಲಾರವು.

ಇನ್ನು ಸಿದ್ಧಾಂತದ ಗತಿ. ೧೮೯೩ರಲ್ಲಿ ಕೇಂಬ್ರಿಜಿನ ಗ್ಯಾಸ್ಕೆಲ್ ಮತ್ತು ಶೋರ್ ಎಂಬವರು ಎರಡು ಪ್ರಾಣಿಗಳ ರಕ್ತನಾಳಗಳನ್ನು ಜೋಡಿಸಿ, ಕ್ಲೋರೋಫಾರ್ಮ್ ಬೆರೆತ ರಕ್ತವು ಮೆದುಳಿಗೆ ಮಾತ್ರ ಅಥವಾ ಹೃದಯಕ್ಕೆ ಮಾತ್ರ ಹೋಗುವಂತೆ ಮಾಡಿ ಪರೀಕ್ಷಿಸಿದರು. ರಕ್ತದ ಒತ್ತಡವು ಇಳಿಯುವುದಕ್ಕೆ ಔಷಧವು ಹೃದಯದ ಮೇಲೆ ನೇರವಾಗಿ ಮಾಡುವ ಪರಿಣಾಮವೇ ಕಾರಣವೆಂದು ಅವರು ಕಂಡರು. ೧೯೧೧ರಲ್ಲಿ ಗುಡ್‌ಮನ್ ಲೀವಿಯವರು ಇನ್ನೂ ಆಶ್ಚರ್ಯಕರವಾದುದನ್ನು ತೋರಿಸಿದರು: ಔಷಧವು ಹೆಚ್ಚಾದಾಗಲ್ಲ, ಕಡಮೆಯಾದಾಗ, ರೋಗಿಯು ಇನ್ನೂ ಭಯೋದ್ವೇಗದಲ್ಲಿರುವಾಗ, ಹೃದಯದ ಕೋಣೆಗಳು ಲಯತಪ್ಪಿ ಕಂಪಿಸಿ ಹಠಾತ್ತನೆ ನಿಲ್ಲಬಹುದು. ಹ್ಯಾನಾ ಗ್ರೀನರಳ ಸಾವಿಗೆ ಇದೇ ಕಾರಣವಿರಬೇಕೆಂದು ಅನಂತರದ ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಹಾಗಾದರೆ ಹೈದರಾಬಾದಿನವರು ಸೋತರೆ? ಎಲ್ಲ ರೋಗಿಗಳಿಗೂ ಪೂರ್ಣ ಸುರಕ್ಷಿತವಾಗಿ ಕ್ಲೋರೋಫಾರ್ಮ್ ಕೊಡಬಹುದೆಂಬ ಅವರ ಘೋಷಣೆಯು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆ ಭರವಸೆಯನ್ನು ನಂಬಿ ನಾಡಿಯನ್ನು ಉಪೇಕ್ಷಿಸಿದಲ್ಲಿ ಸಾವುಗಳಿಗೆ ಅದು ಮರೆಯಾಗಿರಲೂ ಬಹುದು. ಆದರೆ ಉಸಿರನ್ನು ಒಬ್ಬನು ಎಡೆಬಿಡದೆ ಕಾಯಬೇಕೆಂಬ ವಿಧಿಯು ಸಿದ್ಧಾಂತದೊಡನೆ ಬೀಳಲಿಲ್ಲ. ಕ್ಲೋರೋಫಾರ್ಮು ಶಸ್ತ್ರಶಾಲೆಯಿಂದ ಮರೆಯಾದ ಮೇಲೂ ಆ ವಿಧಿಯು ಉಳಿಯಿತು.

ಯಾರು ಕಾಯಬೇಕೆಂಬ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡುವು. ಅಮೆರಿಕದಲ್ಲಿ ದಾದಿಯರೇ ಅರಿವಳಿಕೆ ಕೊಡುವುದು ರೂಢಿಯಾಗಿ, ಅದರ ವಿರುದ್ಧ ಕೆಲವು ವೈದ್ಯರು ನ್ಯಾಯಾಲಯಕ್ಕೆ ಹೋದಾಗ, ೧೯೩೬ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ಸರ್ಜನನ ನಿರ್ದೇಶನದಲ್ಲಿ ದಾದಿಯು ಹಾಗೆ ಮಾಡುವುದು ವೈದ್ಯವೃತ್ತಿಯ ಅತಿಕ್ರಮಣವಲ್ಲವೆಂದು ತೀರ್ಪಿತ್ತಿತು. ೧೯೫೨ರ ಡೆನ್ಮಾರ್ಕಿನ ಪ್ರಸಂಗವು ಇದಕ್ಕಿಂತಲೂ ಬೋಧಪ್ರದವಾದುದು. ಕೋಪನ್‌ಹೇಗನ್ನಿನ ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಪೋಲಿಯೋ ಪಿಡುಗಿನಿಂದ ಉಸಿರಾಡುವ ಸ್ನಾಯುಗಳೇ ಜಡವಾದ ರೋಗಿಗಳು ತುಂಬಿದರು. ಮೊದಲ ಮೂರು ವಾರಗಳಲ್ಲಿ ಯಂತ್ರದ ಸಹಾಯ ಪಡೆದ ೩೧ ಮಂದಿಯಲ್ಲಿ ೨೭ ಮಂದಿ ಸತ್ತರು. ಅರಿವಳಿಕೆ ವೈದ್ಯರಾದ ಬ್ಯೋರ್ನ್ ಇಬ್ಸೆನ್ನರು ಆಗಸ್ಟ್ ೨೭ರಂದು ೧೨ ವರ್ಷದ ಹುಡುಗಿಯ ಶ್ವಾಸನಾಳಕ್ಕೆ ಕೊಳವೆಯನ್ನಿಟ್ಟು ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಉಸಿರು ಕೊಟ್ಟರು, ಅವಳು ಬದುಕಿದಳು. ಯಂತ್ರಗಳು ಸಾಲದಾದಾಗ ಸುಮಾರು ೧೫೦೦ ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಕುಳಿತು ಚೀಲವನ್ನು ಹಿಸುಕಿದರು. ಸಾವಿನ ಪ್ರಮಾಣವು ಬಹುವಾಗಿ ಇಳಿಯಿತು. ಲಿಸ್ಟರರ ವಿದ್ಯಾರ್ಥಿಯು ಇಲ್ಲಿ ಮರಳಿ ಬಂದಿದ್ದಾನೆ. ಆದರೆ ಅವನನ್ನು ಕೂಡಿಸಿದವನು, ಚೀಲವನ್ನು ಎಷ್ಟು ಬಿಗಿಯಾಗಿ ಹಿಸುಕಬೇಕೆಂದು ಕಲಿಸಿದವನು, ಕೆಟ್ಟಾಗ ಕೂಗಿದರೆ ಓಡಿಬರತಕ್ಕವನು ತಜ್ಞನೇ. ಎರಡು ಪಂಥಗಳ ಸತ್ಯಗಳೂ ಒಂದೇ ಕೋಣೆಯಲ್ಲಿ ಕೂಡಿದುವೆಂದು ಹೇಳಬಹುದು.

ನಮ್ಮ ದೇಶದ ಕಾಯಿದೆಗಳ ಇತಿಹಾಸವು ಬಹುಕಾಲ ಒಂದೇ ಸಾಲಿನದು. ೧೯೫೬ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆಯ ೧೫ನೆಯ ಕಲಮು, ರಾಜ್ಯದ ವೈದ್ಯಕೀಯ ಪಟ್ಟಿಯಲ್ಲಿ ಹೆಸರಿಲ್ಲದವನು ಆಧುನಿಕ ವೈದ್ಯವನ್ನು ನಡೆಸಕೂಡದೆಂದಿತು. ೧೯೫೬ರಲ್ಲಿ ಐದು ಆಡಳಿತಗಳಿಂದ ಕೂಡಿಬಂದ ಕನ್ನಡನಾಡಿನಲ್ಲಿ ನೋಂದಣಿಯನ್ನು ಏಕರೂಪಗೊಳಿಸಲು ೧೯೬೧ರ ವೈದ್ಯಕೀಯ ನೋಂದಣಿ ಕಾಯಿದೆಯು ಬಂದಿತು. ಹೈದರಾಬಾದಿನ ಕಡೆಯಿಂದ ಬಂದ ಬೀದರ ಸೀಮೆಯ ವೈದ್ಯರೂ ಅದರಡಿಯಲ್ಲಿ ಬಂದರು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ಸ್ವತಃ ನಿರ್ಲಕ್ಷ್ಯವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೬ರ ಪೂನಂ ವರ್ಮಾ ಪ್ರಕರಣದಲ್ಲಿ ಸಾರಿತು. ಆದರೆ ೨೦೦೫ರ ಜೇಕಬ್ ಮ್ಯಾಥ್ಯೂ ಪ್ರಕರಣವು ಬೇರೊಂದು ಕೊರತೆಯನ್ನು ಬಯಲಿಗೆ ತಂದಿತು. ಲುಧಿಯಾನದ ಆಸ್ಪತ್ರೆಯೊಂದರಲ್ಲಿ ೧೯೯೫ರಲ್ಲಿ ಉಸಿರಾಡಲು ಕಷ್ಟಪಡುತ್ತಿದ್ದ ರೋಗಿಗೆ ಜೋಡಿಸಿದ ಆಕ್ಸಿಜನ್ ಸಿಲಿಂಡರು ಬರಿದಾಗಿದ್ದಿತೆಂದೂ, ಮಗನೇ ಪಕ್ಕದ ಕೋಣೆಯಿಂದ ಇನ್ನೊಂದನ್ನು ತಂದರೆ ಅದನ್ನು ಜೋಡಿಸುವ ಏರ್ಪಾಡು ಇರಲಿಲ್ಲವೆಂದೂ ಆಪಾದನೆ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆಯು ನಿಲ್ಲಲಾರದೆಂದು ನ್ಯಾಯಾಲಯವು ಹೇಳಿತು. ಆಸ್ಪತ್ರೆಯ ಸಿವಿಲ್ ಹೊಣೆಯ ಪ್ರಶ್ನೆಯನ್ನು ಅದು ಬೇರೆಯಾಗಿ ಕಂಡಿತು. ಅಲ್ಲಿ ವೈದ್ಯರಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಸಿಲಿಂಡರು ತುಂಬಿದೆಯೋ ಇಲ್ಲವೋ ಎಂದು ನೋಡುವುದೇ ತನ್ನ ಕೆಲಸವೆಂದು ತಿಳಿದ ಒಬ್ಬ ಮನುಷ್ಯನಿಗೆ. ೨೦೨೧ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದ ಅವಧಿಯಲ್ಲಿ ೨೪ ಮಂದಿ ರೋಗಿಗಳು ಸತ್ತುದು ಪ್ರಕಟವಾಗಿ, ಆಕ್ಸಿಜನ್ನಿನ ಕೊರತೆಯು ವಿಚಾರಣೆಗೆ ವಸ್ತುವಾದಾಗ, ನಾಡಿನ ತುತ್ತತುದಿಯಲ್ಲಿರುವ ಬೀದರದವರಿಗೂ ಈ ಪ್ರಶ್ನೆಯು ದೂರದ್ದಾಗಿ ತೋರಲಿಲ್ಲ.

ಕಾಯಿದೆಯ ಪಟ್ಟಿಯಲ್ಲಿ ಬಾರದೆಯೇ ಉಸಿರಿನ ಚಿಕಿತ್ಸೆಯನ್ನು ಮಾಡುವವರ ಪರಂಪರೆಯೂ ಈ ಸೀಮೆಗೆ ಹೊಸದಲ್ಲ. ವೈದ್ಯವೃತ್ತಿಯ ಪರಿಭಾಷೆಯನ್ನೇ ವಚನಗಳಿಗೆ ತಂದ ವೈದ್ಯ ಸಂಗಣ್ಣನು ಕಲ್ಯಾಣದ ಶರಣರ ಕಾಲದವನು. ನಮ್ಮ ಕಾಲದಲ್ಲಿಯೂ ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಜೀವಂತವಾದ ಮರಿಮೀನಿನ ಬಾಯಲ್ಲಿ ಹಳದಿಯ ಮದ್ದನ್ನಿಟ್ಟು ದಮ್ಮಿನ ರೋಗಿಗಳಿಗೆ ನುಂಗಿಸುವುದು ಪ್ರಸಿದ್ಧ. ಕರ್ನಾಟಕದ ರೋಗಿಗಳೂ ಅಲ್ಲಿಗೆ ಹೋಗುವುದುಂಟು. ಔಷಧವೆಂಬ ಹೆಸರಿಗೆ ವಿಚಾರವಾದಿಗಳ ಸಂಘಟನೆಗಳು ಆಕ್ಷೇಪಿಸಿದ ಬಳಿಕ ಅದನ್ನು ಪ್ರಸಾದವೆಂದು ಕರೆಯುವುದು ರೂಢಿಯಾಯಿತು. ಹೆಸರಿನ ಈ ಬದಲಾವಣೆಯು ಚರಿತ್ರೆಯ ವಿದ್ಯಾರ್ಥಿಗೆ ಸ್ವಾರಸ್ಯವಾದುದು: ಔಷಧವೆಂದರೆ ಯಾರು ಕೊಡಬಹುದೆಂದು ಸರಕಾರವು ಕೇಳಬಹುದು, ಪ್ರಸಾದವೆಂದರೆ ಕೇಳುವಂತಿಲ್ಲ.

ಹಳ್ಳಿಯ ಮಟ್ಟಿಗೆ ನಿಜವಾದ ತಿರುವು ಬಂದುದು ಬೇರೊಂದು ದಿಕ್ಕಿನಿಂದ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ೧೯೮೮ರಿಂದ ಸುಮಾರು ನೂರು ಹಳ್ಳಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಗ್ರಾಮದ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಮಕ್ಕಳ ಉಸಿರನ್ನು ಎಣಿಸುವುದನ್ನು ಕಲಿಸಿ, ನ್ಯುಮೋನಿಯ ಕಂಡರೆ ಔಷಧ ಕೊಡುವ ಅಧಿಕಾರವನ್ನೂ ಕೊಟ್ಟರು. ಮಕ್ಕಳ ಸಾವುಗಳು ಗಮನಾರ್ಹವಾಗಿ ಇಳಿದುವು. ಈ ವರದಿಯು ಪ್ರಕಟವಾದುದು ೧೯೯೦ರ ಲ್ಯಾನ್ಸೆಟ್ಟಿನಲ್ಲಿ, ಹೈದರಾಬಾದಿನ ವರದಿಗೆ ಸರಿಯಾಗಿ ನೂರು ವರ್ಷಗಳ ಬಳಿಕ. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ ೬೦, ಒಂದು ವರ್ಷದೊಳಗಿನದಕ್ಕೆ ೫೦, ಐದು ವರ್ಷದೊಳಗಿನದಕ್ಕೆ ೪೦ ಎಂಬ ಉಸಿರಿನ 'ಮಿತಿ'ಯನ್ನು ಇಂದು ಆಶಾ ಕಾರ್ಯಕರ್ತೆಯೂ ಬಲ್ಲಳು. ಲಾರಿಯವರ ವಾದದ ತಿರುಳು, ಎಂದರೆ ಉಸಿರು ಎಲ್ಲರ ಕಣ್ಣಿಗೂ ಕಾಣುವ ಲಕ್ಷಣವೆಂಬುದು, ಇಲ್ಲಿ ಎಷ್ಟೋ ಹೆಚ್ಚು ಭದ್ರವಾದ ಆಧಾರದ ಮೇಲೆ ಸಿದ್ಧವಾಯಿತು.

ಇದನ್ನು ಕೇಂದ್ರ ಸರಕಾರವು ಬೇರೆ ಎರಡು ವಿಧದಲ್ಲಿಯೂ ಅಂಗೀಕರಿಸಿದೆ. ತುರ್ತಾದ ಹೆರಿಗೆಯ ಶಸ್ತ್ರಚಿಕಿತ್ಸೆಗಾಗಿ, ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಗಳ ಎಂ.ಬಿ.ಬಿ.ಎಸ್. ವೈದ್ಯರಿಗೆ ಅರಿವಳಿಕೆಯ ಕೌಶಲವನ್ನು ಮೊದಲಿಗೆ ೧೮ ವಾರಗಳ ಶಿಕ್ಷಣದಿಂದ ಕಲಿಸುವ ಏರ್ಪಾಡು ಈ ಶತಮಾನದ ಮೊದಲ ದಶಕದಲ್ಲಿ ಆರಂಭವಾಯಿತು. ಅವರನ್ನು ಅರಿವಳಿಕೆ ತಜ್ಞರೆಂದು ಕರೆಯುವುದಿಲ್ಲ. ಅವರ ಅಧಿಕಾರವು ಹೆರಿಗೆಯ ತುರ್ತಿಗೆ ಮಾತ್ರ ಸೀಮಿತ. ೨೦೦೯ರ ಸೆಪ್ಟೆಂಬರಿನಲ್ಲಿ ಆರಂಭವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವು, ಹುಟ್ಟಿದ ಕೂಸು ಅಳದಿದ್ದರೆ ಮೊದಲ ನಿಮಿಷದೊಳಗೆ ಚೀಲ ಮತ್ತು ಮುಖವಾಡಗಳಿಂದ ಉಸಿರು ಕೊಡುವುದನ್ನು ಹೆರಿಗೆ ಕೋಣೆಯ ದಾದಿಗೂ ಕಲಿಸುತ್ತದೆ. ಘಾಟಬೋರಾಳದಂಥ ಊರಿನಲ್ಲಿ ಆ ಒಂದು ನಿಮಿಷದೊಳಗೆ ಯಾವ ತಜ್ಞನೂ ಬರಲಾರನು. ೨೦೦೭ರಲ್ಲಿ ಬೀದರದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದುದರಿಂದ ನೂರು ಮೈಲಿಗಳ ಹಾದಿಯು ಅರ್ಧಕ್ಕಿಂತ ಕಡಮೆಯಾಯಿತೇನೋ ನಿಜ. ಆದರೆ ನಿಮಿಷಕ್ಕೆ ಮೈಲಿಯ ಲೆಕ್ಕವು ಹೊಂದುವುದಿಲ್ಲ. ಅಲ್ಲಿ ನಿಯಮವು ಕೇಳಬೇಕಾದುದು 'ನೀನು ಯಾರು?' ಎಂದಲ್ಲ, 'ನೀನು ಇದನ್ನು ಕಲಿತಿರುವೆಯಾ, ಇತ್ತೀಚೆಗೆ ಮಾಡಿ ನೋಡಿರುವೆಯಾ?' ಎಂದು.

ಹೀಗೆ ಬಹುಕಾಲ ರೂಢಿಯಿಂದ ನಡೆದು, ಸುತ್ತೋಲೆಗಳಿಂದ ಅನುಮತಿ ಪಡೆದಿದ್ದ ಕೈಗಳಿಗೆ ಪ್ರತ್ಯೇಕವಾದ ಕಾಯಿದೆಯೊಂದು ೨೦೨೧ರ ಮಾರ್ಚಿನಲ್ಲಿ ಬಂದಿತು. ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ಆಯೋಗದ ಕಾಯಿದೆಯೆಂಬ ಇದರ ಅನುಸೂಚಿಯಲ್ಲಿ ಅರಿವಳಿಕೆಯ ಸಹಾಯಕ ತಂತ್ರಜ್ಞರೂ ಶ್ವಾಸಚಿಕಿತ್ಸೆಯ ತಂತ್ರಜ್ಞರೂ ಹೆಸರಿಸಲ್ಪಟ್ಟಿದ್ದಾರೆ. ಸಹಾಯಕ ವೃತ್ತಿಯವರಿಗೆ ೨೦೦೦ ಗಂಟೆಗಳಿಗೆ ಕಡಮೆಯಿಲ್ಲದ, ಆರೋಗ್ಯರಕ್ಷಣಾ ವೃತ್ತಿಯವರಿಗೆ ೩೬೦೦ ಗಂಟೆಗಳಿಗೆ ಕಡಮೆಯಿಲ್ಲದ ಶಿಕ್ಷಣವನ್ನು ಅದು ವಿಧಿಸಿದೆ. ರಾಜ್ಯಗಳಲ್ಲಿ ಪರಿಷತ್ತುಗಳನ್ನೂ ವೃತ್ತಿಯವರ ಪಟ್ಟಿಗಳನ್ನೂ ಏರ್ಪಡಿಸಬೇಕೆಂದಿದೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಶ್ವಾಸಚಿಕಿತ್ಸೆಯಲ್ಲಿ ಪದವಿಯ ಶಿಕ್ಷಣಕ್ರಮವನ್ನು ಮಾನ್ಯಮಾಡಿದೆ. ಕಾಯಿದೆಯ ಭಾಷೆಯಲ್ಲಿ ಒಂದು ಅಂಶವನ್ನು ಮಾತ್ರ ಇಲ್ಲಿ ಎತ್ತಿತೋರಿಸಬಹುದು. ಶಿಕ್ಷಣವನ್ನು ಅದು ವರ್ಷಗಳಿಂದ ಮಾತ್ರವಲ್ಲದೆ ಗಂಟೆಗಳಿಂದಲೂ ಅಳೆಯುತ್ತದೆ. ೧೮೮೯ರಲ್ಲಿ ಅಫ್ಜಲ್‌ಗಂಜಿನ ದವಾಖಾನೆಯಲ್ಲಿ ಟೊಪ್ಪಿಗೆ ಹಿಡಿದು ನಿಂತ ವಿದ್ಯಾರ್ಥಿಯನ್ನು ಯಾರೂ ಎಷ್ಟು ಗಂಟೆಗಳೆಂದು ಕೇಳಿರಲಿಲ್ಲ. ಉಸಿರನ್ನು ಬಿಟ್ಟು ಬೇರೆ ಕಡೆ ನೋಡಬೇಡವೆಂದು ಮಾತ್ರ ಹೇಳಿದ್ದರು. ಹೊಸ ಕಾಯಿದೆಯಲ್ಲಿ ಗಂಟೆಗಳ ಲೆಕ್ಕವಿದೆ. ಆ ಇನ್ನೊಂದು ಮಾತನ್ನು ಬರೆಯಬೇಕಾದವರು ರಾಜ್ಯದ ಪರಿಷತ್ತುಗಳೂ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸರದಿಯ ಪಟ್ಟಿಯನ್ನು ತಯಾರಿಸುವವರೂ ಆಗಿದ್ದಾರೆ.